ಹಿಂದೆ ಸರಿಯುವ ಜಲಪಾತ

ಮಳೆಗಾಲ ಮುಗಿದ ಕೂಡಲೇ ಜಲಪಾತ ಎಲ್ಲಿಗೆ ಬಂದು ನಿಂತಿದೆ ಎಂದು ಫೋಟೊ ತೆಗೆದು ತರುವುದು ಫಿಲೋಮಿನಾಳ ಕೆಲಸ. ಹತ್ತು ವರ್ಷಗಳಿಂದ ಅದು ಪ್ರತಿ ಮಳೆಗಾಲದಲ್ಲೂ ಬಂಡೆ ಕಡಿಯುತ್ತ ಹೊಳೆಯ ಮೇಲ್ಭಾಗಕ್ಕೆ ಸರಿಯುತ್ತಿತ್ತು, ಮಳೆ ನಿಂತಾಗ ನಿಲ್ಲುತ್ತಿತ್ತು. ಆ ವರ್ಷ ಯಾವ ಮನೆ ಬಿಚ್ಚಿ ಹಿಂದೆ ಕಟ್ಟಬೇಕೆಂದು ಮೇಲಿನ ಹುಲಗೋಡು ಊರಿನವರು ಅವಳ ಫೋಟೊ ನೋಡಿಯೇ ನಿರ್ಧರಿಸುತ್ತಿದ್ದರು.

ಈ ಸಲ ಜೊತೆಗೆ ಬಂದವನು ಹುಲಗೋಡಿನ ಬಸ್ತ್ಯಾಂವ. ಕಾಲಿಗೆ ಕಚ್ಚಿ ರಕ್ತ ಹೀರುವ ಇಂಬಳ ಕಿತ್ತೆಸೆಯುತ್ತ ಮೂರು ತಾಸು ಕಣಿವೆ ಹತ್ತಿ ಇಬ್ಬರೂ ಜಲಪಾತದ ಎದುರು ತಲುಪಿದರು.

"ಊರಿಗೆ ಇನ್ನೂ ದೂರ ಇದೆ. ಈ ವರ್ಷ ನಮ್ಮ ಮನೆ ಉಳೀತು," ಎಂದು ನಗುತ್ತ ಬಸ್ತ್ಯಾಂವ ಬುತ್ತಿ ಬಿಚ್ಚಿದ.

ಫಿಲೋಮಿನಾ ಟ್ರೈಪಾಡ್ ನಿಲ್ಲಿಸಿ ಒಂದು ಫೋಟೊ ತೆಗೆದಳು. ಊಟ ಮುಗಿಸಿ, ಬಿಸಿಲು ಚೆನ್ನಾಗಿ ಬಿದ್ದಿದೆಯೆಂದು ಅದೇ ಜಾಗದಿಂದ ಇನ್ನೊಂದು ತೆಗೆದಳು. ಎರಡನ್ನೂ ಹೋಲಿಸಿ ನೋಡಿದಳು. ಮೊದಲನೆಯದರಲ್ಲಿ ನೀರು ಬೀಳುವ ಅಂಚಿನಲ್ಲಿ ನೇರಳೆ ಮರವಿತ್ತು. ಎರಡನೆಯದರಲ್ಲಿ ಮರವೂ ಇರಲಿಲ್ಲ, ಅದು ನಿಂತಿದ್ದ ಬಂಡೆಯೂ ಇರಲಿಲ್ಲ. ನೀರಿನ ಅಬ್ಬರದಲ್ಲಿ ಕುಸಿದ ಸದ್ದು ಇಬ್ಬರಿಗೂ ಕೇಳಿರಲಿಲ್ಲ.

"ಮಳೆ ನಿಂತು ಹದಿನೈದು ದಿನ ಆಯ್ತಲ್ಲ?" ಎಂದಳು.

ಬಸ್ತ್ಯಾಂವ ಸದ್ದು ಕಡಿಮೆಯಿದ್ದ ಕಡೆಗೆ ಓಡಿ ಹೆಂಡತಿಗೆ ಫೋನ್ ಮಾಡಿದ. "ಮಕ್ಕಳನ್ನ ಕರ್ಕೊಂಡು ಗುಡ್ಡ ಹತ್ತು, ಈಗಲೇ!"

"ಏನೂ ಕೇಳ್ತಾ ಇಲ್ಲ, ಜೋರಾಗಿ ಹೇಳಿ," ಎಂದು ಅವಳು ಕೂಗಿದಳು. "ಬೆಳಗಿನಿಂದ ನಮ್ಮ ಬಾವಿಯೊಳಗೆ ನೀರು ಧುಮುಕೋ ಸದ್ದು."