ದಡದುದ್ದಕ್ಕೂ

ಹಳದಿ ಗಾಳಿಹಾಸಿಗೆ ದಡದಿಂದ ದೂರ ಸರಿಯುತ್ತಿದೆ ಎಂದು ಚಿಕ್ಕಮ್ಮನಿಗೆ ಹೊಳೆಯುವ ಹೊತ್ತಿಗೆ, ಅದರ ಮೇಲೆ ಕೂತಿದ್ದ ಹುಡುಗಿಯ ಮುಖ ಉಗುರಿನಷ್ಟಾಗಿತ್ತು. "ಇರುವೇ, ವಾಪಸ್ ಬಾ!" ಎಂದು ಕೂಗಿದಳು. ಹುಡುಗಿ ಎರಡೂ ಕೈಯಿಂದ ನೀರು ಬಡಿದಳು. ಹಾಸಿಗೆ ಇದ್ದಲ್ಲೇ ಒಂದು ಗಿರಕಿ ಹೊಡೆದು ಇನ್ನಷ್ಟು ಆಚೆಗೆ ಹೋಯಿತು. ಗಾಳಿ ನೆಲದ ಕಡೆಯಿಂದ ಬೀಸುತ್ತಿತ್ತು.

ಚಿಕ್ಕಮ್ಮ ಬೇಕರಿಯವನ ಮನೆಗೆ ಎರಡನೆಯವಳಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸದಾ ಸಕ್ಕರೆ ಡಬ್ಬದ ಸುತ್ತ ಸುಳಿಯುವ ಮಗಳಿಗೆ ಇರುವೆ ಎಂದು ಅಡ್ಡಹೆಸರಿಟ್ಟವನು ಅವನೇ. ಬೆಳಿಗ್ಗೆ ತಿಂಡಿಯಾದ ಮೇಲೆ ಅವನು ಪಕ್ಕದ ಊರಿಗೆ ಕೋಣೆ ಹುಡುಕಲು ಹೋಗಿದ್ದ. ಆ ಕಡಲ ದಂಡೆಯಲ್ಲಿ ಊರುಗಳು ಹಗ್ಗಕ್ಕೆ ಬಟ್ಟೆ ಹರವಿದ ಹಾಗೆ ಸಾಲಾಗಿದ್ದವು; ದೊಡ್ಡ ಹೋಟೆಲುಗಳಿಂದ ದೂರ ಹೋದಷ್ಟೂ ಬಾಡಿಗೆ ಇಳಿಯುತ್ತಿತ್ತು. "ಅಗ್ಗಕ್ಕೆ ಸಿಕ್ರೆ ಇನ್ನೂ ಎರಡು ದಿನ ಇದ್ದು ಹೋಗೋಣ. ಇವಳ ಮೇಲೆ ಒಂದು ಕಣ್ಣಿಟ್ಟಿರು" ಎಂದು ಹೇಳಿ ಬಸ್ಸು ಹತ್ತಿದ್ದ.

ಕಣ್ಣಿಟ್ಟೇ ಇದ್ದಳು. ಆದರೆ "ನೀವು ಇಲ್ಲೇ ನೋಡ್ತಿರಿ, ನಾನು ಇನ್ನೊಂಚೂರು ಮುಂದೆ ಹೋಗ್ಲಾ?" ಎಂದು ಹುಡುಗಿ ಕೇಳಿದಾಗ "ಹೋಗು" ಎಂದವಳೂ ಅವಳೇ. ಮದುವೆಯಾದಾಗಿನಿಂದ ಆ ಹುಡುಗಿ ಮುಖ ನೋಡಿ, ನಕ್ಕು, ಇವಳನ್ನು ಏನಾದರೂ ಕೇಳಿದ್ದಿದ್ದರೆ ಅದೊಂದೇ. ಬೇಡ ಎನ್ನಲು ನಾಲಿಗೆ ಏಳಲಿಲ್ಲ.

ಕಾವಲುಗಾರ ಕೂರುವ ಎತ್ತರದ ಕುರ್ಚಿ ಖಾಲಿ ಇತ್ತು. ಸೀಸನ್ ಇನ್ನೂ ಶುರುವಾಗಿರಲಿಲ್ಲ. ಎಲ್ಲ ಅಗ್ಗವಾಗಿದ್ದುದಕ್ಕೂ ಅದೇ ಕಾರಣ. ದಂಡೆಯಲ್ಲಿದ್ದದ್ದು ಮಡಚಿಟ್ಟ ಛತ್ರಿಗಳು ಮತ್ತು ಪೇಪರ್ ಓದುತ್ತಿದ್ದ ಒಬ್ಬ ಮುದುಕ. ಅವನು ಹಣೆಗೆ ಕೈ ಅಡ್ಡ ಹಿಡಿದು ನೋಡಿದ.

"ನೀರು ಆ ಕಡೆಗೆ ಎಳೀತಿದೆ. ಮುಂದಿನ ಊರಲ್ಲಿ ದೋಣಿ ಇದೆ, ಓಡಮ್ಮಾ! ನಾನು ಫೋನ್ ಮಾಡ್ತೀನಿ."

ಬಿದ್ದೆನೋ ಸತ್ತೆನೋ ಎಂದು ಓಡಿದಳು. ಮರಳಲ್ಲಿ ಕಾಲು ಹೂತು ಹೂತು ಬರುತ್ತಿತ್ತು. ಚಪ್ಪಲಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವಳ ಪಕ್ಕಕ್ಕೇ, ಆದರೆ ಅಷ್ಟು ದೂರದಲ್ಲಿ, ಆ ಹಳದಿ ತುಂಡು ಏಳುತ್ತ ಬೀಳುತ್ತ ಅವಳ ಜೊತೆಗೇ ಸಾಗುತ್ತಿತ್ತು. ಅವರಿಗೆ ಏನಂತ ಹೇಳಲಿ? ಅತ್ತೆ ಏನೆಂದಾರು? ಮಲತಾಯಿ ತಾನೇ ಎನ್ನದೆ ಬಿಟ್ಟಾರೆಯೇ? ಥೂ, ಎಂದು ತನಗೆ ತಾನೇ ಉಗಿದುಕೊಂಡಳು. ಅಲ್ಲಿ ಮಗು ಜೀವ ಕೈಯಲ್ಲಿ ಹಿಡಿದು ಕೂತಿದೆ, ಇಲ್ಲಿ ನನಗೆ ನನ್ನ ಹೆಸರಿನ ಚಿಂತೆ!

"ಮಲ್ಕೋ! ಬೋರಲು ಮಲ್ಕೋ! ಅಂಚು ಬಿಡಬೇಡ ಕಣೇ!"

ಗಾಳಿ ಮಾತನ್ನು ಅಲ್ಲಿಯವರೆಗೂ ಹೊತ್ತೊಯ್ದಿರಬೇಕು. ಹಳದಿಯ ಮೇಲಿದ್ದ ಕಪ್ಪು ಚುಕ್ಕೆ ಚಪ್ಪಟೆಯಾಯಿತು.

ಎರಡು ಊರುಗಳ ನಡುವೆ ಒಂದು ಕಾಲುವೆ ಸಮುದ್ರ ಸೇರುತ್ತಿತ್ತು. ಸೇತುವೆ ಇದ್ದದ್ದು ಮೇಲೆ, ರಸ್ತೆಯ ಹತ್ತಿರ. ಅಷ್ಟು ಸುತ್ತುವ ಪುರುಸೊತ್ತೆಲ್ಲಿ? ಈಜು ಬಾರದ ಚಿಕ್ಕಮ್ಮ ಹಾಗೇ ನೀರಿಗಿಳಿದಳು. ನಡುವಲ್ಲಿ ಕಾಲಡಿಯ ಮರಳು ಜಾರಿ ನೀರು ಕುತ್ತಿಗೆಗೆ ಬಂತು, ಬಾಯಿಗೆ ಬಂತು. ಹೇಗೋ ಕೈಕಾಲು ಬಡಿದು ಆಚೆ ದಡ ಹತ್ತಿ, ತಿರುಗಿ ನೋಡಿದರೆ ಸಮುದ್ರದ ಮೇಲೆ ಹಳದಿ ಎಲ್ಲೂ ಇಲ್ಲ. ಕಣ್ಣು ಕುಕ್ಕುವ ಬಿಸಿಲು, ನೀರು, ಮತ್ತೆ ನೀರು. ದೊಡ್ಡ ಅಲೆಯೊಂದು ತಗ್ಗಿತು. ಅದರ ಹಿಂದೆ ಹಾಸಿಗೆ ಮತ್ತೆ ಕಂಡಿತು. ಹುಡುಗಿ ಅದರ ಮೇಲಿದ್ದಳೋ ಇಲ್ಲವೋ ಅಷ್ಟು ದೂರದಿಂದ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಮುಂದಿನ ಊರಿನ ದೋಣಿಯವನು ಮೋಟಾರು ಚಾಲೂ ಮಾಡಿದ್ದ. ಮುದುಕನ ಫೋನು ಬಂದ ಕೂಡಲೇ ಬಣ್ಣದ ಬ್ರಷ್ಷು ಬಿಸಾಕಿ ಎದ್ದವನು. ದೋಣಿ ಹತ್ತಲು ಬಂದವಳನ್ನು "ನೀವು ಬೇಡ ತಾಯಿ, ಇಲ್ಲೇ ಇರಿ" ಎಂದು ತಡೆದು ಹೊರಟೇ ಬಿಟ್ಟ. ಮೋಟಾರಿನ ಸದ್ದು ಸಣ್ಣದಾಗುತ್ತ ಹೋಗಿ ನಿಂತಿತು. ಯಾಕೆ ನಿಂತಿತು? ಸಿಕ್ಕಿದ್ದಕ್ಕೋ, ಸಿಗದೆ ಹುಡುಕುವುದಕ್ಕೋ? ಚಿಕ್ಕಮ್ಮ ಮೊಣಕಾಲೂರಿ ಎರಡೂ ಮುಷ್ಟಿ ತುಂಬ ಮರಳು ಹಿಡಿದು ಕೂತಳು. ಕೊನೆಗೆ ಸದ್ದು ಮತ್ತೆ ಶುರುವಾಯಿತು.

ದೋಣಿಯವನು ಇರುವೆಯನ್ನು ಎತ್ತಿ ತಂದು ಅವಳ ಮಡಿಲಿಗೆ ಹಾಕಿದ. ತುಟಿ ನೀಲಿಗಟ್ಟಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಅವನು ಕೊಟ್ಟ ಹಳೇ ಟವೆಲನ್ನು ಚಿಕ್ಕಮ್ಮ ಮೈಗೆ ಸುತ್ತಿ ಗಸಗಸ ಉಜ್ಜಿದಳು.

ಸುದ್ದಿ ಕೇಳಿ ರಸ್ತೆಯ ಕಡೆಯಿಂದ ಅಪ್ಪ ಓಡಿ ಬಂದ. ಮಗಳ ತಲೆ, ಕೈ, ಕಾಲು ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಅವನ ದನಿ ಏರಿತು.

"ಇವಳನ್ನ ಅಷ್ಟು ದೂರ ಬಿಟ್ಟಿದ್ದು ಯಾರು?"

"ಯಾರೂ ಬಿಡ್ಲಿಲ್ಲಪ್ಪ" ಎಂದಳು ಇರುವೆ, ಚಿಕ್ಕಮ್ಮ ಬಾಯಿ ತೆರೆಯುವ ಮೊದಲೇ. "ಚಿಕ್ಕಮ್ಮ ಬೇಡ ಬೇಡ ಅಂದ್ರು. ನಾನೇ ಹೋದೆ."

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅತ್ತೆಯವರೆಗೂ ಹೋಗುತ್ತಿದ್ದದ್ದು ಅದೇ ಮಾತು. ಚಿಕ್ಕಮ್ಮ ಉಜ್ಜುವುದನ್ನು ನಿಲ್ಲಿಸಿದಳು.

"ಇಲ್ಲ ರೀ. ನನ್ನ ಕೇಳಿಯೇ ಹೋದ್ಲು. ನಾನೇ ಹೋಗು ಅಂದೆ."

ಅಪ್ಪ ಒಮ್ಮೆ ಇವಳ ಮುಖ ನೋಡಿದ, ಒಮ್ಮೆ ಅವಳ ಮುಖ ನೋಡಿದ. ಹಾಗೇ ಮರಳ ಮೇಲೆ ಕುಕ್ಕರಿಸಿದ.

ಟವೆಲೊಳಗಿಂದ ಇರುವೆ ಕತ್ತು ಹೊರಳಿಸಿ, ಹಲ್ಲು ಕಟಕಟಿಸುತ್ತಲೇ ಚಿಕ್ಕಮ್ಮನನ್ನು ಗದರಿಸಿದಳು:

"ನಾನು ಹೇಳ್ತಿದ್ನಲ್ಲ! ನಿಂಗೆ ಸುಮ್ನಿರೋಕೇ ಬರಲ್ವಾ?"