ಭಾವನಿಗಾಗಿ ಗುಡಿಸಿದ ದಂಡೆ

ಗಂಗೆಯನ್ನು ಮುಡಿಯಲ್ಲಿಯೂ ಮಸಣದ ಬೂದಿಯನ್ನು ಮೈಯಲ್ಲಿಯೂ ಧರಿಸಿ, ಶುಚಿಗೂ ಅಶುಚಿಗೂ ಸಮನಾದ ಇಂಬನ್ನಿತ್ತ ಪರಶಿವನು ಈ ಕಥೆಯನ್ನು ಹೇಳುವ ನಾಲಗೆಯನ್ನು ಕಾಯಲಿ.

“ನಿಲ್ಲು! ಯಾರದು?”

ಕೇಶವಪ್ರಸಾದ ಮಾಸ್ತರರು ಕೇದಗೆಯ ಪೊದೆಯ ಮರೆಯಿಂದ ಎದ್ದು ಕೂಗಿದರು. ಮೋರೆಗೆ ಬೈರಾಸು ಸುತ್ತಿಕೊಂಡಿದ್ದ ಆಕೃತಿ ನಿಲ್ಲಲಿಲ್ಲ. ಕೈಯ ಬಕೆಟ್ಟನ್ನು ಅಲ್ಲೇ ಬಿಟ್ಟು ತೆಂಗಿನ ಮರಗಳ ನಡುವೆ ಓಡಿತು. ನಸುಕಿನ ಮಬ್ಬಿನಲ್ಲಿ ಉಳಿದದ್ದು ಮಗುಚಿದ ಬಕೆಟ್ಟು, ಅದರಿಂದ ಜಾರಿದ ಮೀನಿನ ಕರುಳು, ತಲೆ, ಕಿವಿರು. ಓಡಿದವನು ದಾರಿಯಲ್ಲಿ ವಾಂತಿ ಮಾಡಿಕೊಂಡಿದ್ದ.

“ಮೀನಿನ ನಾತಕ್ಕೆ ವಾಂತಿ ಮಾಡುವವನು ಮೀನನ್ನು ಎಂತಕ್ಕೆ ಹೊರುವುದು ಮಾಷ್ಟ್ರೇ?” ಎಂದ ಜೊತೆಗಿದ್ದ ಬೊನಿಫಾಸ್.

“ಕುಡಿದಿದ್ದಾನೆ, ಮತ್ತೆಂತ?”

“ಅಂತೂ ನಾನಲ್ಲ ಅಂತ ಗೊತ್ತಾಯಿತಲ್ಲ! ಇಷ್ಟು ದಿನ ಮೀನು ಅಂದ ಕೂಡಲೇ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ತಿಂದ ಮೇಲೆ ಮುಳ್ಳು ಸಹ ಉಳಿಯುವುದಿಲ್ಲ ಮಾರಾಯ್ರೇ. ನಮ್ಮ ಮನೆಯ ಬೆಕ್ಕು ಉಪವಾಸ!”

ಮಾಸ್ತರರು ಮಗುಚಿದ ಬಕೆಟ್ಟನ್ನು ಎತ್ತಿ ನಿಲ್ಲಿಸಿದರು.

ಮೊಗ್ರಾಲ್ ಹೊಳೆಯ ಈ ದಂಡೆ ಸರಕಾರಿ ಜಾಗ. ಎಲ್ಲರದ್ದಾದುದರಿಂದ ಯಾರದ್ದೂ ಅಲ್ಲ. ಹೋಟೆಲಿನ ಎಂಜಲು, ಕೋಳಿಯ ಪುಕ್ಕ, ಮದುವೆಮನೆಯ ಎಲೆ, ಎಲ್ಲವೂ ಒಂದು ಕಾಲಕ್ಕೆ ಇಲ್ಲಿಯೇ ಬಂದು ಬೀಳುತ್ತಿದ್ದವು. ಮಾಸ್ತರರು ತಮ್ಮಂಥ ಕೆಲವರನ್ನು ಕೂಡಿಸಿ ಭಾನುವಾರಗಳಂದು ಗೋಣಿ ಹಿಡಿದು ಇಳಿದರು. ಒಂದು ಮಳೆಗಾಲ ಕಳೆಯುವುದರೊಳಗೆ ಮರಳು ತೊಳೆದ ಅಕ್ಕಿಯಂತಾಯಿತು. ಗದ್ದಲವಡಗಿ ದಂಡೆಗೆ ಆಶ್ರಮದ ಶಾಂತಿ ಬಂದಿತು. ಒಂದು ಕೊರತೆ ಮಾತ್ರ ಉಳಿಯಿತು. ಆಗೊಮ್ಮೆ ಈಗೊಮ್ಮೆ, ವಾರವೆನ್ನದೆ ತಿಥಿಯೆನ್ನದೆ, ಯಾರೋ ಮೀನಿನ ಕಸವನ್ನು ತಂದು ಸುರಿಯುತ್ತಿದ್ದರು. ಫಲಕ ಹಾಕಿದರು, ಮೀನು ಮಾರುವವರನ್ನು ಬೈದರು. ಕಳ್ಳ ಸಿಕ್ಕಲಿಲ್ಲ.

ಆದರೆ ಇಂದು ಆ ಕಸ ಬೀಳಬಾರದಿತ್ತು. ಇಂದು ಇದೇ ದಂಡೆಯಲ್ಲಿ ಮಾಸ್ತರರ ಭಾವ ಹರಿನಾಥರ ಹತ್ತನೆಯ ದಿನದ ಕ್ರಿಯೆ.

ಸಾರಿಗೆ ಉಪ್ಪು ಹೆಚ್ಚಾಯಿತೆಂಬಷ್ಟಕ್ಕೇ ಗಂಡ ಹೆಂಡಿರಲ್ಲಿ ಮಾತು ಬೆಳೆದಿತ್ತು. ಹರಿನಾಥರು ಅರ್ಧ ಊಟಕ್ಕೇ ಎದ್ದು ಹೋದವರು ಕಾಸರಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಕುಸಿದರು. ಮರಳಿದ್ದು ದೇಹ ಮಾತ್ರ. ಅಕ್ಕ ಸುಬ್ಬಲಕ್ಷ್ಮಿ ಅಂದಿನಿಂದ ಒಂದೇ ಮಾತನ್ನು ಹೇಳುತ್ತಿದ್ದಳು:

“ತಮ್ಮಾ, ಕಾಗೆ ಪಿಂಡ ಮುಟ್ಟಿದರೆ ಅವರಿಗೆ ನನ್ನ ಮೇಲೆ ಕೋಪ ಇಲ್ಲ ಅಂತ ತಿಳಿಯುತ್ತೇನೆ. ನನಗೆ ಬೇರೆ ಎಂತದೂ ಬೇಡ.”

ಆದುದರಿಂದಲೇ ಈ ಕಾವಲು. ಭಾವನ ಕಡೆಯ ಅನ್ನ ನಾತದ ನಡುವೆ ಬೀಳಬಾರದು. ಇಬ್ಬರೂ ಆಳವಾಗಿ ಗುಂಡಿ ತೋಡಿ ಕಸವನ್ನು ಹೂತರು. ಹೊಳೆಯ ನೀರು ಹೊತ್ತು ತಂದು ಮರಳನ್ನು ತೊಳೆದರು. ಒಂದು ಕಿವಿರೂ ಉಳಿಯಲಿಲ್ಲ.

ಹೊತ್ತು ಮೂಡಿದ ಮೇಲೆ ಅಕ್ಕ, ಅವಳ ಮಗ ಗೌರೀಶಂಕರ, ನೆಂಟರು ಬಂದರು. ಕ್ರಿಯೆ ಮಾಡಿಸುವ ತಿರುಮಲೇಶ್ವರ ಭಟ್ಟರು ಎಲ್ಲರಿಗಿಂತ ತಡವಾಗಿ ಬಂದರು. ಈ ದಂಡೆಯಲ್ಲಿ ಅವರು ಇಡಿಸಿದ ಪಿಂಡ ಎಂದೂ ಕಾಗೆಗಾಗಿ ಕಾದು ಉಳಿದದ್ದಿಲ್ಲವೆಂದು ಊರಿನ ನಂಬಿಕೆ. ಒದ್ದೆ ತಲೆಯಲ್ಲೇ ಬಂದವರು ಮತ್ತೆ ಹೊಳೆಗಿಳಿದು ಮುಳುಗಿದರು. ಮೇಲೆ ಬಂದು ಮರಳನ್ನು ದೀರ್ಘವಾಗಿ ನೋಡಿದರು.

“ಎಲ್ಲ ತೆಗೆದಿರಾ ಮಾಷ್ಟ್ರೇ?”

“ಎಲ್ಲ ಭಟ್ರೇ. ಒಂದು ಕಡ್ಡಿಯೂ ಇಲ್ಲ.”

“ಹೌದು. ಕಾಣುತ್ತದೆ,” ಎಂದು ಭಟ್ಟರು ಕಣ್ಣು ಮುಚ್ಚಿದರು.

ಗೌರೀಶಂಕರನು ಎಲೆಯ ಮೇಲೆ ಪಿಂಡವನ್ನಿಟ್ಟು ಹಿಂದೆ ಸರಿದನು. ಒದ್ದೆ ಕೈಗಳನ್ನು ತಟ್ಟಿ ಕಾಗೆಯನ್ನು ಕರೆದನು. ಎಲ್ಲರೂ ಮೇಲೆ ನೋಡಿದರು. ಆಕಾಶವೂ ದಂಡೆಯಂತೆಯೇ ನಿರ್ಮಲವಾಗಿತ್ತು.

ಮತ್ತೆ ತಟ್ಟಿದನು. “ಅಪ್ಪಾ, ಅಮ್ಮನನ್ನು ನಾನು ನೋಡಿಕೊಳ್ಳುತ್ತೇನೆ, ಬನ್ನಿ.”

ಬಿಸಿಲು ಏರಿತು. ಅನ್ನದ ಮೈ ಒಣಗಿತು. ನೆಂಟರು ಒಬ್ಬರ ಮುಖವನ್ನೊಬ್ಬರು ನೋಡಿದರು. ಹಿಂದೆ ನಿಂತಿದ್ದ ಬೊನಿಫಾಸ್ ಸದ್ದಿಲ್ಲದೆ ಶಿಲುಬೆಯ ಗುರುತು ಮಾಡಿಕೊಂಡ.

“ತಪ್ಪಾಯಿತು ಅಂತ ಹೇಳಿದೆನಲ್ಲ!” ಸುಬ್ಬಲಕ್ಷ್ಮಿ ಬರಿದಾದ ಬಾನಿಗೆ ಕೈಮುಗಿದಳು. “ಇನ್ನು ಉಪ್ಪನ್ನೇ ಮುಟ್ಟುವುದಿಲ್ಲ ನಾನು. ಒಮ್ಮೆ ಬನ್ನಿ.”

ಯಾರೂ ಬರಲಿಲ್ಲ.

ಕೊನೆಗೆ ಭಟ್ಟರು ದರ್ಭೆಯನ್ನು ಹೆಣೆದು ಕಾಗೆಯ ಆಕಾರ ಮಾಡಿ, ಅದರಿಂದ ಪಿಂಡವನ್ನು ಮುಟ್ಟಿಸಿದರು. “ಶಾಸ್ತ್ರಕ್ಕೆ ಇದು ಸಾಕಮ್ಮ,” ಎಂದರು.

“ಶಾಸ್ತ್ರಕ್ಕೆ ಸಾಕು,” ಎಂದಳು ಸುಬ್ಬಲಕ್ಷ್ಮಿ. “ಹುಲ್ಲಿಗೆ ಅವರ ಮನಸ್ಸು ಎಂತ ಗೊತ್ತು ಭಟ್ರೇ?”

ಆಮೇಲೆ ಅವಳು ಅಳಲಿಲ್ಲ. ಮಗನ ತೋಳು ಹಿಡಿದು, ಹಿಂದಿರುಗಿ ನೋಡದೆ ನಡೆದಳು. ಜನರು ಚದುರಿದ ಮೇಲೆ ಮಾಸ್ತರರು ಭಟ್ಟರ ಬಳಿ ಬಂದರು. ಭಟ್ಟರು ನೀರಿನಂಚಿನಲ್ಲಿ ಕುಳಿತು ಅಂಗೈಗಳನ್ನು ಮರಳಿನಿಂದ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು.

“ಭಟ್ರೇ, ನಮ್ಮಿಂದ ಎಂತ ಲೋಪವಾಯಿತು? ಇಷ್ಟು ಚೊಕ್ಕವಾಗಿ ಈ ಜಾಗ ಯಾವತ್ತೂ ಇರಲಿಲ್ಲ.”

ಭಟ್ಟರು ತಲೆಯೆತ್ತಲಿಲ್ಲ. “ನಿಮ್ಮ ಭಾವನಿಗೆ ಕೋಪ ಇರಲಿಲ್ಲ. ಅಕ್ಕನಿಗೆ ಅದನ್ನು ಹೇಗೆ ಹೇಳುವುದೆಂದು ಮಾತ್ರ ನನಗೆ ತಿಳಿಯದು; ಹೇಳಿದರೆ ಮುಂದೆ ಯಾರೂ ಕಾಗೆಯನ್ನು ನಂಬುವುದಿಲ್ಲ.”

“ಎಂತದು?”

“ಕಸ ಹೋದ ಮೇಲೆ ಈ ದಂಡೆಗೆ ಒಂದು ಕಾಗೆಯೂ ಬರುವುದಿಲ್ಲ ಮಾಷ್ಟ್ರೇ. ಅದಕ್ಕೇ, ಕ್ರಿಯೆ ಇದ್ದ ದಿನ ಬೆಳಗ್ಗೆ ಮೀನು ತಂದು ಸುರಿಯುತ್ತಿದ್ದವನು ನಾನು.”

ಇದನ್ನು ಆಲಿಸಿದವರ ಹಿರಿಯರೆಲ್ಲರೂ ಉಂಡು ತಣಿದು ಹೋಗಿರಲಿ. ಬಾನ ಕಡೆ ನೋಡುತ್ತ ಕುಳಿತ ಯಾವ ಜೀವವನ್ನೂ ದೇವರು ಉತ್ತರವಿಲ್ಲದೆ ಎಬ್ಬಿಸದಿರಲಿ.