ತಾಯಿಗೆ ಹೇಳಿದ ಮಾತು

“ಮಿರುಕು,” ಎಂದ ತಕುಮಿ.

ಲ್ಯಾಪ್‌ಟಾಪಿನ ಪರದೆಯ ಮೇಲೆ ಹಾಲಿನ ಲೋಟದ ಚಿತ್ರವಿತ್ತು. ದುರ್ಗಾಂಬಿಕಾ ‘ಮಿಲ್ಕ್’ ಎಂದು ನಿಧಾನವಾಗಿ ಹೇಳಿಕೊಟ್ಟಳು. ಹುಡುಗ ಮತ್ತೆ “ಮಿರುಕು” ಎಂದ. ಆಸ್ಟ್ರೇಲಿಯಾದಲ್ಲಿ ಐದು ವರ್ಷ ಇದ್ದು, ಅಪ್ಪನಿಗೆ ವರ್ಗವಾದ ಮೇಲೆ ಜಪಾನಿಗೆ ಮರಳಿದವನು ಅವನು. ಕಲಿತ ಇಂಗ್ಲಿಷು ಮರೆತುಹೋಗದಿರಲೆಂದು ಶಾಲೆ ಬಿಟ್ಟ ಮೇಲೆ ನಡೆಯುವ ಈ ಆನ್‌ಲೈನ್ ಪಾಠಕ್ಕೆ ತಾಯಿ ಸೇರಿಸಿದ್ದಳು. ಅಲ್ಲಿ ಶಾಲೆ ಬಿಡುವ ಹೊತ್ತಿಗೆ ಜಗಳೂರು ಕಡೆಯ ಈ ಹಳ್ಳಿಯಲ್ಲಿ ನಡುಮಧ್ಯಾಹ್ನ. ಮೆಕ್ಕೆಜೋಳದ ಚೀಲಗಳನ್ನು ಒಂದು ಮಗ್ಗುಲಿಗೆ ಒಟ್ಟಿ, ಹಿಂದಿನ ಗೋಡೆಗೆ ನೀಲಿ ಸೀರೆ ಇಳಿಬಿಟ್ಟು, ದುರ್ಗಾಂಬಿಕಾ ಪಾಠಕ್ಕೆ ಕೂರುತ್ತಿದ್ದಳು. ಅತ್ತೆ ಕೆಂಪಕ್ಕ ಹೊರಗೆ ಶೇಂಗಾ ಸುಲಿಯುತ್ತ, ಕೋಳಿಗಳು ಬಾಗಿಲ ಹತ್ತಿರ ಬಂದು ಗಲಾಟೆ ಮಾಡದಂತೆ ಕಾಯುತ್ತಿದ್ದಳು.

ಹೋದ ತಿಂಗಳು ಇದೇ ಹುಡುಗ ಕಾಂಗರೂ ನೋಡಿದ ಕತೆಯನ್ನು ಒಂದು ತಪ್ಪಿಲ್ಲದೆ, ಟೀಚರಾದ ಅವಳಿಗಿಂತ ಚೆನ್ನಾಗಿ ಹೇಳಿದ್ದ. “ತಕುಮಿ, ನಿನಗೆ ಸರಿಯಾಗಿ ಹೇಳಲು ಬರುತ್ತದೆ. ಬೇಕೆಂದೇ ಹೀಗೆ ಮಾಡುತ್ತಿದ್ದೀಯ,” ಎಂದಳು ಇಂಗ್ಲಿಷಿನಲ್ಲಿ.

ಹುಡುಗ ಹಿಂತಿರುಗಿ ತನ್ನ ಕೋಣೆಯ ಬಾಗಿಲು ನೋಡಿದ. ಮುಖವನ್ನು ಪರದೆಯ ಹತ್ತಿರ ತಂದು, ಹೋದ ತಿಂಗಳಿನ ಅದೇ ಸ್ವಚ್ಛ ಇಂಗ್ಲಿಷಿನಲ್ಲಿ ಪಿಸುಗುಟ್ಟಿದ. “ದಯವಿಟ್ಟು ತಿದ್ದಬೇಡಿ ಟೀಚರ್. ನಮ್ಮ ಕ್ಲಾಸಿನಲ್ಲಿ ಎಲ್ಲರೂ ಹೀಗೇ ಹೇಳುತ್ತಾರೆ. ನಾನು ಬೇರೆ ಥರ ಓದಿದ್ದಕ್ಕೆ, ಊಟದ ಹೊತ್ತಿನಲ್ಲಿ ಎಲ್ಲರೂ ಮೇಜು ಜೋಡಿಸಿಕೊಂಡು ಕೂರುವಾಗ ನನ್ನ ಮೇಜಿನಿಂದ ತಮ್ಮದನ್ನು ಸ್ವಲ್ಪ ಆಚೆ ಎಳೆದುಕೊಳ್ಳುತ್ತಿದ್ದರು. ಈಗ ಎಳೆಯುತ್ತಿಲ್ಲ. ಈ ವಾರ ಪೂರ್ತಿ ನನ್ನ ಮೇಜು ಅವರ ಮೇಜಿಗೆ ತಾಗಿಕೊಂಡೇ ಇತ್ತು.”

“ಅಮ್ಮನಿಗೆ ಗೊತ್ತಿದೆಯಾ?”

“ಬೇಡ, ಹೇಳಬೇಡಿ. ಅಮ್ಮ ಕೇಳಿದರೆ, ನನಗೆ ಇಂಗ್ಲಿಷ್ ಮರೆತುಹೋಗುತ್ತಿದೆ ಅಂತ ಬರೆಯಿರಿ.”

ಸಂಜೆ ತಾಯಿಯ ಸಂದೇಶ ಬಂತು. ಮಗನ ಇಂಗ್ಲಿಷು ಕೆಡುತ್ತಿರುವುದು ತನ್ನ ಕಿವಿಗೂ ಬಿದ್ದಿದೆ, ಕಾರಣವೇನೆಂದು ಟೀಚರ್ ದಯವಿಟ್ಟು ತಿಳಿಸಬೇಕು. ದುರ್ಗಾಂಬಿಕಾ ಫೋನು ಹಿಡಿದುಕೊಂಡೇ ಒಲೆಯ ಮುಂದೆ ಕೂತಳು. ಬೇಳೆ ತಳ ಹಿಡಿಯಿತು.

“ಏನವ್ವಾ, ಸಾರಿಗೆ ಬೆಂಕಿ ಇಕ್ಕಿ ಧ್ಯಾನಕ್ಕೆ ಕುಂತೀಯ?” ಕೆಂಪಕ್ಕ ಪಾತ್ರೆ ಇಳಿಸಿದಳು. “ಆ ಜಪಾನಿನ ಪುಟ್ಟ ಸಾಹೇಬ ಬೈದನೇನು?”

“ಬೈಯಲಿಲ್ಲತ್ತೆ. ಒಂದು ಮಾತು ಮುಚ್ಚಿಡು ಅಂದ,” ಎಂದು ದುರ್ಗಾಂಬಿಕಾ ಎಲ್ಲ ಹೇಳಿದಳು.

ಕೆಂಪಕ್ಕನ ಮುಖದಲ್ಲಿದ್ದ ನಗೆ ಆರಿತು. “ಹೆತ್ತಾಕಿ ಕೇಳ್ಯಾಳೆ. ಹೇಳಿಬಿಡು.”

“ನನ್ನ ನಂಬಿ ಹೇಳ್ಯಾನೆ ಅವನು.”

“ನಮ್ಮ ಪರಮೇಶನೂ ಮೇಷ್ಟ್ರನ್ನ ನಂಬಿದ್ದ.” ಸತ್ತ ಕಿರಿಮಗನ ಹೆಸರನ್ನು ಅವಳು ಮನೆಯಲ್ಲಿ ಎತ್ತುತ್ತಿದ್ದುದೇ ಅಪರೂಪ. “ಹುಡುಗ್ರು ಕುಂಟ ಕುಂಟ ಅಂತ ಆಡ್ಕಳೋರು. ಸಾಲಿಗೆ ಹೋಗದೆ ಕೆರೆ ಏರಿ ಮ್ಯಾಲೆ ಕುಂತಿರ್ತಿದ್ದ. ಮನ್ಯಾಗೆ ಹೇಳಬ್ಯಾಡ್ರಿ ಸಾ ಅಂದನಂತೆ. ಆ ಪುಣ್ಯಾತ್ಮ, ಅಯ್ಯೋ ಪಾಪ ಅಂತ ಬಾಯಿ ಬಿಡಲೇ ಇಲ್ಲ. ಕೆರೆಯಾಗಿಂದ ಹೆಣ ತಂದ ದಿನ ನನ್ನ ಮುಂದೆ ಕುಂತು ಅತ್ತ. ಅತ್ರೆ ಏನು ಬಂತು? ಒಂದು ಮಾತು ನನ್ನ ಕಿವಿಗೆ ಹಾಕಿದ್ರೆ ನಾನು ಕೂಸನ್ನ ಸೆರಗಿನಾಗೆ ಕಟ್ಕಂತಿರಲಿಲ್ಲೇನು?”

ದುರ್ಗಾಂಬಿಕಾ ಅಲ್ಲಿಯೇ, ಹೊಗೆಯಲ್ಲಿ ಕೂತು ಬರೆದಳು. ಇಂಗ್ಲಿಷು ಎಲ್ಲಿಗೂ ಹೋಗಿಲ್ಲ, ಬಹಳ ಚೆನ್ನಾಗಿದೆ. ಗೆಳೆಯರಿಗೆ ಹೆದರಿ ಬಚ್ಚಿಡುತ್ತಿದ್ದಾನೆ. ಗದರಿಸಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಿ.

ಮುಂದಿನ ವಾರ ಪಾಠವಿರಲಿಲ್ಲ. ಅದು ಕಳೆದ ಮೇಲೆ ತಾಯಿಯ ಉದ್ದನೆಯ ಸಂದೇಶ ಬಂತು, ಜೊತೆಗೆ ಐದಕ್ಕೆ ಐದು ನಕ್ಷತ್ರ. ಶಾಲೆಗೆ ಹೋಗಿ ತಕುಮಿಯ ಟೀಚರನ್ನು ಕಂಡು ಬಂದಳಂತೆ. ಇಂಥ ಹುಡುಗ ತಮ್ಮ ಕ್ಲಾಸಿನಲ್ಲಿದ್ದೂ ಗೊತ್ತಾಗಲಿಲ್ಲವೆಂದು ಅವರು ಬಗ್ಗಿ ಕ್ಷಮೆ ಕೇಳಿದರಂತೆ. ಈಗ ಪ್ರತಿ ಇಂಗ್ಲಿಷ್ ಪೀರಿಯಡ್ಡಿಗೂ ಅವನನ್ನೇ ಎದ್ದು ನಿಲ್ಲಿಸಿ, ಎಲ್ಲರೂ ಇವನ ಹಾಗೆ ಹೇಳಿ ಎಂದು ಓದಿಸುತ್ತಾರಂತೆ. ಎಲ್ಲ ನಿಮ್ಮಿಂದ, ಇನ್ನು ಮೇಲೆ ದಿನಾಲೂ ಪಾಠವಿರಲಿ ಎಂದು ಬರೆದಿದ್ದಳು.

ಮರುದಿನ ಮಧ್ಯಾಹ್ನ ಪರದೆಯ ಮೇಲೆ ಬಂದ ತಕುಮಿ ಬಿಳಿ ಮಾಸ್ಕ್ ಹಾಕಿಕೊಂಡಿದ್ದ. ತನ್ನ ಕೋಣೆಯಲ್ಲಿ, ಒಬ್ಬನೇ. ಪುಟದ ಮೇಲಿನದನ್ನು ಒಂದು ಕಡೆಯೂ ತಡವರಿಸದೆ ಓದಿದ.

“ಮಾಸ್ಕ್ ತೆಗೆಯಪ್ಪ, ಬಾಯಿ ಕಾಣಬೇಕಲ್ಲ.”

“ನನಗೆ ಶೀತವಾಗಿದೆ, ಟೀಚರ್.” ದನಿಯಲ್ಲಿ ಶೀತವಿರಲಿಲ್ಲ.

“ಊಟದ ಹೊತ್ತಿನಲ್ಲಿ, ತಕುಮಿ... ನಿನ್ನ ಮೇಜು...”

“ದಯವಿಟ್ಟು ಮುಂದಿನ ಪುಟ ತೆರೆಯಿರಿ, ಟೀಚರ್.”

ಅವಳು ತೆರೆದಳು. ಅವನು ಓದಿದ. ಪಾಠ ಮುಗಿದಾಗ ತಲೆ ಬಗ್ಗಿಸಿ ವಂದಿಸಿದ. ಅದರ ಮರುದಿನವೂ ಮಾಸ್ಕ್ ಇತ್ತು. ಆ ತಿಂಗಳು ಕಳೆದ ಮೇಲೂ ಇತ್ತು.

ಒಂದು ದಿನ ಪಾಠ ಮುಗಿಸಿ ಹೊರಗೆ ಬಂದ ಸೊಸೆಗೆ ಕೆಂಪಕ್ಕ ನೀರಿನ ಚೊಂಬು ಕೊಟ್ಟಳು. “ಹೆಂಗದಾನವ್ವಾ ನಿನ್ನ ಹುಡುಗ? ಹೆತ್ತಾಕಿಗೆ ಹೇಳಿದ್ದು ಚಲೋ ಆತಲ್ಲ?”

“ಬಾಳ ಚೆನ್ನಾಗಿ ಓದ್ತಾನತ್ತೆ. ಒಂದು ತಪ್ಪಿಲ್ಲ.”

“ನಗ್ತಾನೇನು?”

ದುರ್ಗಾಂಬಿಕಾ ಚೊಂಬನ್ನು ಬಾಯಿಗೆತ್ತಿದವಳು ಹಾಗೇ ಇಳಿಸಿದಳು.

“ಕಾಣಲ್ಲತ್ತೆ.”